ಓಬೆಡ್ ವಿಂಚೆಲ್ ಬಂದ ದಾರಿ

ಅಗ್ನಿಶಾಮಕ ಠಾಣೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮನುಷ್ಯ ಮೂರನೆಯ ಸಲವೂ ಕೈ ಬೀಸಿದಾಗ ಹಾಲಿಸ್ ವಿಂಚೆಲ್‌ಗೆ ಅವನನ್ನು ಕಾಣದವನಂತೆ ನಟಿಸುವುದು ಸಾಧ್ಯವಾಗಲಿಲ್ಲ. ಮೊದಲ ಸಲದ್ದು ಬರೀ ಸೌಜನ್ಯದ ಕೈಬೀಸು. ಎರಡನೆಯದು ಗುರುತಿನದು. ಈ ಮೂರನೆಯದರಲ್ಲಿ ಕನಿಕರವಿತ್ತು. ಕಾರು ನಿಲ್ಲಿಸಿದರೆ ಎದ್ದು ಬಂದು, ಕಿಟಕಿಗೆ ಮೊಣಕೈ ಊರಿ, ಎಲ್ಲಿಗೆ ಹೋಗಬೇಕು ಸ್ವಾಮಿ ಎಂದು ಕೇಳುವ ಸಿದ್ಧತೆಯಿತ್ತು. ಹಾಲಿಸ್ ತಾನೂ ಕೈ ಬೀಸಿದ, ಈ ಠಾಣೆಯನ್ನು ದಿನಕ್ಕೆ ಮೂರು ಸಲ ನೋಡುವುದು ತನ್ನ ಬಹುಕಾಲದ ಹವ್ಯಾಸವೆನ್ನುವ ಗತ್ತಿನಲ್ಲಿ. ಬೀಸಿ, ವೇಗ ಹೆಚ್ಚಿಸಿದ.

"ಆ ಮನುಷ್ಯ ನಿನಗೆ ಗೊತ್ತಾ?" ಎಂದು ಪಕ್ಕದಲ್ಲಿದ್ದ ಲವೀನಿಯಾ ಅತ್ತೆ ಕೇಳಿದಳು.

"ಇಲ್ಲ ಅತ್ತೆ."

"ಮತ್ತೆ ಯಾಕೆ ಕೈ ಬೀಸ್ತಾನೆ?"

"ಒಳ್ಳೆ ಮನುಷ್ಯ ಇರ್ಬೇಕು."

"ಈ ಕಡೆ ಎಷ್ಟೊಂದು ಠಾಣೆ ಕಟ್ಟಿದಾರಪ್ಪ," ಎಂದಳು ಅತ್ತೆ, ಮುಂದಿನ ಗಾಜಿನಲ್ಲಿ ದೃಷ್ಟಿ ನೆಟ್ಟು. "ಪ್ರತಿಯೊಂದರ ಮುಂದೂ ಒಬ್ಬ ಒಳ್ಳೆ ಮನುಷ್ಯ."

ಅವಳು ತಿಳಿದೇ ಹೇಳಿದಳೋ, ತೊಂಬತ್ತರ ಹತ್ತಿರದ ಕಣ್ಣುಗಳಿಗೆ ನಿಜಕ್ಕೂ ಮೂರು ಬೇರೆ ಬೇರೆ ಠಾಣೆಗಳು ಕಂಡವೋ ಹಾಲಿಸ್‌ಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಅವಳ ವಿಷಯದಲ್ಲಿ ತಿಳಿಯದೇ ಇದ್ದದ್ದು ಇದೊಂದೇ. ಕಾಕಂಬಿ ಹಾಕಿ ರಾತ್ರಿಯೆಲ್ಲ ಬೇಯಿಸಿದ ಕಾಳಿನ ಮಣ್ಣಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಚ್ಚಳದ ಮೇಲೆ ಎರಡೂ ಕೈಯಿಟ್ಟು, ಇಗರ್ಜಿಯಲ್ಲಿ ಕುಳಿತ ಹಾಗೆ ಕುಳಿತಿದ್ದಳು. ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ವಿಂಚೆಲ್ ಎಂಬ ಹೆಸರನ್ನು ಬಿಟ್ಟುಕೊಡಬೇಕಾಗುತ್ತದಲ್ಲ ಎಂಬ ಕಾರಣಕ್ಕೇ ಆಗಲಿಲ್ಲ ಎಂದು ಮನೆಮಂದಿ ತಮಾಷೆ ಮಾಡುತ್ತಿದ್ದರು, ಅವಳಿಲ್ಲದಾಗ. ಸಮುದ್ರ ದಂಡೆಯ ಅವರ ಊರಿನಿಂದ ವಂಶದ ಮೊದಲಿಗ ಓಬೆಡ್‌ನ ಬಂಡೆಗೆ ಅರ್ಧ ಗಂಟೆಯ ದಾರಿ. ಪ್ರತಿ ಆಗಸ್ಟಿನಲ್ಲಿ ವಿಂಚೆಲ್ ವಂಶದವರೆಲ್ಲ ಅಲ್ಲಿ ಸೇರುತ್ತಾರೆ. ಪ್ರತಿ ವರ್ಷ ಹೆಂಡತಿ ಲೆಟಿ ಪಕ್ಕದಲ್ಲಿ ಕುಳಿತು ಎಡ, ಬಲ, ಇಲ್ಲಲ್ಲ ಮುಂದಿಂದು ಎಂದು ಹೇಳುತ್ತಾಳೆ, ಹಾಲಿಸ್ ಓಡಿಸುತ್ತಾನೆ. ಈ ಸಲ ಅವಳು ಕುರ್ಚಿ ಜೋಡಿಸಲು ಅವನ ದೊಡ್ಡಪ್ಪನ ಮಗ ಬ್ರಾಡ್‌ಫರ್ಡ್‌ನ ಲಾರಿಯಲ್ಲಿ ಬೆಳಗ್ಗೆಯೇ ಹೋಗಿದ್ದಳು. ಹೋಗುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಸೇತುವೆ ರಿಪೇರಿಯಂತೆ. ಬಾಣದ ಗುರುತು ಹಾಕಿರ್ತಾರೆ, ನೋಡ್ಕೊಂಡು ಬಾ. ಅನುಮಾನ ಬಂದ್ರೆ ಯಾರನ್ನಾದ್ರೂ ಕೇಳು. ಕೇಳಿದ್ರೆ ಪ್ರಾಣ ಹೋಗಲ್ಲ," ಎಂದಿದ್ದಳು. ಬಾಣದ ಗುರುತು ಇತ್ತು. ಒಂದು ಬಾಣ ಅವನನ್ನು ಕ್ರ್ಯಾನ್‌ಬೆರಿ ಹಣ್ಣಿನ ಗದ್ದೆಗಳ ನಡುವಿನ ಹಾದಿಗೆ ಹಚ್ಚಿತು. ಮುಂದಿನ ಬಾಣವನ್ನು ಗಾಳಿಯೋ ಯಾರೋ ತುಂಟರೋ ತಿರುಗಿಸಿದ್ದರು, ಅದು ಆಕಾಶವನ್ನು ತೋರಿಸುತ್ತಿತ್ತು.

ಪ್ರಾಣ ಹೋಗುವುದಿಲ್ಲ, ನಿಜ. ಆದರೆ ಪ್ರಾಣವಲ್ಲದ ಏನೋ ಒಂದು ಪ್ರತಿ ಸಲವೂ ಹೋಗುತ್ತದೆ. ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಟಪಾಲಿನ ಚೀಲ ಹೆಗಲಿಗೇರಿಸಿ ಹೊರಟವನು, ಹುಟ್ಟಿ ಬೆಳೆದ ಊರಿನಲ್ಲೇ, ಮಧ್ಯಾಹ್ನ ಒಬ್ಬ ವಿಧವೆಯ ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿಯುತ್ತ ಆಕೆ ಕಚೇರಿಗೆ ಫೋನು ಮಾಡುವುದನ್ನು ಕೇಳಿಸಿಕೊಂಡಿದ್ದ: "ನಿಮ್ಮ ಹುಡುಗ ಇಲ್ಲಿದಾನೆ. ಪಾಪ, ಬೆವರ್ತಿದಾನೆ." ಮಾರನೆಯ ದಿನದಿಂದ ಅವನನ್ನು ಅಂಚೆಚೀಟಿ ಮಾರುವ ಕಿಟಕಿಯ ಹಿಂದೆ ಕೂರಿಸಿದರು. ನಿವೃತ್ತಿಯವರೆಗೂ ಅಲ್ಲೇ ಕುಳಿತ. ಜಗತ್ತಿನ ಎಲ್ಲ ಊರಿಗೂ ಎಷ್ಟು ಬೆಲೆಯ ಅಂಚೆಚೀಟಿ ಬೇಕೆಂದು ಅವನಿಗೆ ಬಾಯಿಪಾಠ. ಯಾವುದಕ್ಕೂ ಹೇಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಅಪ್ಪನಾದರೋ ಬಂದರಿನ ಪೈಲಟ್. ಮಂಜು ಮುಸುಕಿ ಸ್ವಂತ ಕೈ ಕಾಣದ ದಿನವೂ ದೋಣಿಯಲ್ಲಿ ಹೋಗಿ ಹಡಗು ಹತ್ತಿ, ಬಂಡೆ ತಪ್ಪಿಸಿ ದಡಕ್ಕೆ ತಂದು ನಿಲ್ಲಿಸುವ ಮನುಷ್ಯ. ವಿಧವೆಯ ಮನೆಯ ವರ್ತಮಾನ ಆ ಸಂಜೆಗೆ ಮುಂಚೆಯೇ ಅಪ್ಪನಿಗೆ ತಲುಪಿತ್ತು. ಮೇಜಿನ ಆ ತುದಿಯಿಂದ ಮೀನಿನ ಮುಳ್ಳು ಬಿಡಿಸುತ್ತ ಅಪ್ಪ ಹೇಳಿದ: "ಓಬೆಡ್‌ಗೆ ನಕ್ಷೆ ಇರ್ಲಿಲ್ಲ, ರಸ್ತೆ ಇರ್ಲಿಲ್ಲ. ಬರೀ ಕಾಡು, ಮೇಲೊಂದು ನಕ್ಷತ್ರ. ನಿನಗೆ ರಸ್ತೆ ಇದೆ, ರಸ್ತೆಗೊಂದು ಹೆಸರಿದೆ, ಮನೆಗೊಂದು ನಂಬರಿದೆ." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಾಲಿಸ್ ಎಂದೋ ಮರೆತಿರುತ್ತಿದ್ದ.

"ಭಾಷಣ ತಯಾರಾಗಿದೆಯೇನೋ?" ಎಂದಳು ಅತ್ತೆ.

"ಹೂಂ."

"ನಕ್ಷತ್ರದ ಭಾಗ ನಿಧಾನವಾಗಿ ಹೇಳು. ಬ್ರಾಡ್‌ಫರ್ಡ್ ಹೋದ ವರ್ಷ ಅದನ್ನ ನುಂಗಿಬಿಟ್ಟ."

ಹಾಲಿಸ್ ಎಡಕ್ಕೆ ತಿರುಗಿಸಿದ. ಅನುಮಾನ ಬಂದಾಗಲೆಲ್ಲ ಅವನು ಎಡಕ್ಕೆ ತಿರುಗಿಸುವುದು. ಓಬೆಡ್ ವಿಂಚೆಲ್, ಮುನ್ನೂರೈವತ್ತು ವರ್ಷಗಳ ಹಿಂದೆ ದಂಡೆಯ ಹಳ್ಳಿಯಿಂದ ಒಬ್ಬನೇ ಕಾಡು ಹೊಕ್ಕು, ನಕ್ಷತ್ರವನ್ನು ಅನುಸರಿಸಿ ನಡೆದು, ಆ ಬಂಡೆಯ ಮೇಲೆ ನಿಂತು, ಇದೇ ದೇವರು ತೋರಿಸಿದ ನೆಲ ಎಂದು ಕೊಡಲಿ ಊರಿದವನು. ಹೀಗೆಂದು ಬಂಡೆಗೆ ಹಚ್ಚಿದ ತಾಮ್ರದ ಫಲಕದ ಮೇಲಿದೆ. ವಂಶದ ಮೂಲಪುರುಷನ ಬಗ್ಗೆ ಈ ಸಲ ಯಾರಾದರೂ ಹೊಸದಾಗಿ ಶೋಧಿಸಿ ಮಾತಾಡಬೇಕೆಂದು ಅತ್ತೆಯೇ ಅಪ್ಪಣೆ ಕೊಡಿಸಿ, ನಿವೃತ್ತನಾಗಿ ಬೇಸರದಲ್ಲಿದ್ದ ಹಾಲಿಸ್‌ಗೆ ವಹಿಸಿದ್ದಳು. ಅವನು ಹಳೆಯ ಗೋರಿಕಲ್ಲುಗಳ ಮುಂದೆ ಮಂಡಿಯೂರಿ ಪಾಚಿ ಕೆರೆದ. ಮೂರು ಊರುಗಳ ಗ್ರಂಥಾಲಯಗಳಲ್ಲಿ ಶೀತ ಹಿಡಿಸಿಕೊಂಡ. ಕೊನೆಗೆ ವಸಾಹತು ಕಾಲದ ನ್ಯಾಯಸಭೆಯ ನಡಾವಳಿಗಳನ್ನು ಓದುತ್ತಿದ್ದಾಗ ಒಂದು ಕಡೆ ಅವನಿಗೆ ಎಂಥ ನಗು ಬಂತೆಂದರೆ ಪಕ್ಕದವರು ಎದ್ದು ಬೇರೆ ಮೇಜಿಗೆ ಹೋದರು. ಆ ನಗುವೇ ಈಗ ಎದೆಯಲ್ಲಿ ಕಲ್ಲಿನ ಹಾಗೆ ಕುಳಿತಿತ್ತು. ಏಕೆಂದರೆ ಅದು ಶೋಧಕನ ನಗುವಾಗಿರಲಿಲ್ಲ. ಮೇಜಿನ ಆ ತುದಿಯಲ್ಲಿ ಮುಳ್ಳು ಬಿಡಿಸುತ್ತಿದ್ದವನಿಗೆ, ಸತ್ತು ಹನ್ನೆರಡು ವರ್ಷವಾದವನಿಗೆ, ಕೇಳಲಿ ಎಂದೇ ಹೊರಬಿದ್ದ ನಗು. ಅದಕ್ಕೂ ಓಬೆಡ್‌ಗೂ ಸಂಬಂಧವಿರಲಿಲ್ಲ. ಹಾಗಾದರೆ ಇಷ್ಟು ದಿನ ಪಾಚಿ ಕೆರೆದದ್ದು ಯಾರ ಗೋರಿಯಿಂದ? ಇದನ್ನೆಲ್ಲ ಅತ್ತೆಯ ಮುಂದೆ ಹೇಳುವುದು ಹೇಗೆ? ತಾಮ್ರದ ಫಲಕವನ್ನು ಪ್ರತಿ ವರ್ಷ ನಿಂಬೆಹಣ್ಣಿನಿಂದ ಉಜ್ಜಿ ಬೆಳಗುವವಳು ಅವಳು. ಹೇಳದಿದ್ದರೆ ನಕ್ಷತ್ರವನ್ನು ನಿಧಾನವಾಗಿ ಹೇಳಬೇಕು. ದಾರಿ ತಪ್ಪಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೇನೋ ಎಂದು ಯೋಚನೆ ಬಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ತೆರೆದ ಗೇಟೊಂದು ಕಂಡಿತು. ಒಳಗೆ ಬಯಲಿನಲ್ಲಿ ಸಾಲಾಗಿ ಕಾರುಗಳು, ಬಿಳಿಯ ಶಾಮಿಯಾನ, ಉದ್ದುದ್ದ ಮೇಜುಗಳು, ಹಿಂದೆ ಒಂದು ಗುಡ್ಡ. ಹುಲ್ಲಿನ ಟೋಪಿ ಹಾಕಿದ ದಪ್ಪ ಮನುಷ್ಯನೊಬ್ಬ ಎರಡೂ ಕೈಯಿಂದ ಕರೆದು, "ಬನ್ನಿ ಬನ್ನಿ, ಆ ನೀಲಿ ಕಾರಿನ ಪಕ್ಕ ಹಾಕಿ," ಎಂದ. ಹಾಲಿಸ್‌ನ ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನವಾಯಿತು. ಬಂದುಬಿಟ್ಟೆ. ಕೇಳದೆಯೇ ಬಂದುಬಿಟ್ಟೆ. ಕಾರು ನಿಲ್ಲಿಸಿ, ಅತ್ತೆಯ ಕಡೆಯ ಬಾಗಿಲು ತೆಗೆದಾಗ ವಾಸನೆ ಬಂತು: ಬೆಳ್ಳುಳ್ಳಿ, ಕೆಂಪು ಮೆಣಸು, ಇದ್ದಿಲ ಮೇಲೆ ಸಿಡಿಯುತ್ತಿದ್ದ ಹಂದಿಮಾಂಸದ ಸಾಸೇಜು. ವಿಂಚೆಲ್‌ಗಳ ಊಟಕ್ಕೆ ವಾಸನೆಯೇ ಇರುವುದಿಲ್ಲ. ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಅತ್ತೆಯ ಕಾಳು, ದೇವರ ಕೃಪೆ. ಶಾಮಿಯಾನದೊಳಗಿಂದ ಯಾರೋ ಅಕಾರ್ಡಿಯನ್ ಶ್ರುತಿ ಮಾಡುವುದು ಕೇಳಿಸಿತು.

ಅತ್ತೆ ಒಂದು ಕಾಲು ಹುಲ್ಲಿನ ಮೇಲಿಟ್ಟು, ಇನ್ನೊಂದನ್ನು ಕಾರಿನಲ್ಲೇ ಇಟ್ಟು, ಸ್ವಲ್ಪ ಹೊತ್ತು ಮೂಸಿದಳು.

"ಹಾಲಿಸ್, ಇವರು ನಮ್ಮವರಲ್ಲ."

"ಅಲ್ಲ ಅತ್ತೆ."

"ನಮ್ಮವರು ಎಲ್ಲಿದಾರೆ ಅಂತ ನಿನಗೆ ಗೊತ್ತಾ?"

"ಇಲ್ಲ ಅತ್ತೆ."

ಅವಳು ಯೋಚಿಸಿದಳು. "ನನಗೆ ಹಸಿವಾಗಿದೆ," ಎಂದು ಎರಡನೆಯ ಕಾಲನ್ನೂ ಇಳಿಸಿದಳು.

ಹುಲ್ಲಿನ ಟೋಪಿಯವನ ಹೆಸರು ಡುವಾರ್ಟೆ. ಅವರು ಮೆಡೈರೋಸ್ ಮನೆತನದವರು. ಅಟ್ಲಾಂಟಿಕ್ ನಡುವಿನ ದ್ವೀಪಗಳಿಂದ ತಿಮಿಂಗಿಲದ ಹಡಗು ಹತ್ತಿ ಬಂದ ಪೋರ್ಚುಗೀಸರ ವಂಶ. ಅವರದೂ ವರ್ಷಕ್ಕೊಮ್ಮೆಯ ಕೂಟ. ದಾರಿ ತಪ್ಪಿ ಬಂದೆವೆಂದು ಹೇಳಲು ಹೊರಟ ಹಾಲಿಸ್, ಶಾಮಿಯಾನ ಚೆನ್ನಾಗಿದೆ ಎಂದ. ಅತ್ತೆಯೇ, "ದಾರೀಲಿ ಹೋಗ್ತಿದ್ವಿ, ನೀವು ಕರೆದ್ರಿ," ಎಂದಳು, ತಪ್ಪು ಡುವಾರ್ಟೆಯದೆಂಬಂತೆ. ಡುವಾರ್ಟೆಯ ತಾಯಿ ಇನಾಸಿಯಾ, ಕಪ್ಪು ಉಡುಪಿನ ಪುಟ್ಟ ಮುದುಕಿ, ಅತ್ತೆಯ ಕೈಯಿಂದ ಮಣ್ಣಿನ ಪಾತ್ರೆ ತೆಗೆದುಕೊಂಡು, ಮುಚ್ಚಳವೆತ್ತಿ, ಬೆರಳದ್ದಿ ನೆಕ್ಕಿ, "ಇದಕ್ಕೆ ಬೆಳ್ಳುಳ್ಳಿ ಹಾಕೋದು ಮರ್ತಿದೀಯಲ್ಲ ಅಕ್ಕಯ್ಯ," ಎಂದಳು. ಮುನ್ನೂರೈವತ್ತು ವರ್ಷಗಳಲ್ಲಿ ಆ ಕಾಳಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅತ್ತೆ, "ಮರ್ತಿಲ್ಲ. ನಾವು ಹಾಕಲ್ಲ," ಎಂದಳು. "ಪಾಪ," ಎಂದು ಇನಾಸಿಯಾ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ತಟ್ಟೆಗೆ ಸಾಸೇಜು ಬಡಿಸಿದಳು. ಅತ್ತೆ ಅದನ್ನು ಸಣ್ಣ ಸಣ್ಣ ಚೂರು ಮಾಡಿ, ಯಾರಿಗೂ ಕಾಣಿಸದಂತೆ ತಿನ್ನುವವಳ ಹಾಗೆ, ಪೂರ್ತಿ ತಿಂದಳು.

ಊಟದ ನಡುವೆ ಡುವಾರ್ಟೆ ಎದ್ದು ನಿಂತು ತಮ್ಮ ಮೂಲಪುರುಷ ಆಂಬ್ರೋಸಿಯೋನ ಕಥೆ ಹೇಳಿದ. ಎಲ್ಲರಿಗೂ ಗೊತ್ತಿದ್ದ ಕಥೆಯೇ ಇರಬೇಕು, ಮಾತಿಗೆ ಮುಂಚೆಯೇ ನಗುತ್ತಿದ್ದರು. ತಿಮಿಂಗಿಲ ಬೇಟೆಗೆ ಹೊರಟವನಿಗೆ ಸಮುದ್ರ ಮಧ್ಯೆ ಹಲ್ಲುನೋವು ಬಂತಂತೆ. ಈ ದಂಡೆಯಲ್ಲಿ ಹಡಗು ನೀರು ತುಂಬಿಸಿಕೊಳ್ಳಲು ನಿಂತಾಗ ಕೀಳಿಸಿಕೊಂಡು ಬರ್ತೀನಿ ಎಂದು ಇಳಿದನಂತೆ. ಕೀಳುವವನು ಕುಡಿದಿದ್ದ, ಮೊದಲು ಪಕ್ಕದ ಹಲ್ಲು ಕಿತ್ತ, ಆಮೇಲೆ ಇನ್ನೊಂದು. ಸರಿಯಾದ ಹಲ್ಲು ಸಿಗುವ ಹೊತ್ತಿಗೆ ಹಡಗು ಹೋಗಿತ್ತು. "ಆ ಕುಡುಕ ಒಂದೇ ಏಟಿಗೆ ಸರಿಯಾದ ಹಲ್ಲು ಕಿತ್ತಿದ್ರೆ ನಾವ್ಯಾರೂ ಇಲ್ಲಿ ಇರ್ತಿರ್ಲಿಲ್ಲ," ಎಂದು ಡುವಾರ್ಟೆ ಲೋಟ ಎತ್ತಿದ. ಎಲ್ಲರೂ ಎತ್ತಿದರು. ಹಾಲಿಸ್ ಬೆರಗಾಗಿ ನೋಡಿದ. ಕಥೆ ಇಷ್ಟೇ ಆಗಿತ್ತಲ್ಲ. ಇವರ ಅಜ್ಜನಿಗೆ ಯಾರೂ ನಕ್ಷತ್ರ ಕಟ್ಟಿಲ್ಲ. ಆದರೂ ಅವನಿಗಾಗಿ ಇಷ್ಟು ಜನ ಬಂದಿದ್ದಾರೆ, ಮೇಜು ಮುರಿಯುವಷ್ಟು ಮಾಡಿ ಹಾಕಿದ್ದಾರೆ.

"ಹೊಸದಾಗಿ ಬಂದವರು ತಮ್ಮ ಮನೇದು ಹೇಳ್ಬೇಕು," ಎಂದ ಡುವಾರ್ಟೆ ಹಾಲಿಸ್‌ನ ಭುಜ ತಟ್ಟಿ. "ಇಲ್ಲಿಗೆ ಸೊಸೆ ಬಂದ್ರೂ ಬಿಡಲ್ಲ ನಾವು. ನಿಮ್ಮ ಮೊದಲನೆಯವನು ಯಾರಪ್ಪ, ಹೇಗೆ ಬಂದ?"

ಹಾಲಿಸ್ ಎದ್ದ. ನಕ್ಷತ್ರ ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆಯತ್ತ ನೋಡಿದ, ಅವಳು ತುಟಿ ಒರೆಸಿಕೊಂಡು, ಕೈ ಮಡಿಚಿ, ಕೇಳಲು ಸಿದ್ಧಳಾಗಿದ್ದಳು. "ನಮ್ಮ ಮೊದಲನೆಯವನು ಓಬೆಡ್ ಅಂತ," ಎಂದ. ಆಮೇಲೆ, ತಾನು ನಿರ್ಧರಿಸಿದೆನೆಂದು ಅವನಿಗೆ ಎಂದೂ ಅನಿಸಲಿಲ್ಲ, "ಅವನು ಹಸು ಹುಡುಕೋಕೆ ಹೋಗಿದ್ದ," ಎಂದ.

ಪಕ್ಕದ ಮನೆಯವನ ಹಸು. ಕಾಯುವುದು ಓಬೆಡ್‌ನ ಸರದಿಯಾಗಿತ್ತು, ಅವನು ಮರದಡಿ ಮಲಗಿದ್ದ, ಹಸು ಹೋಯಿತು. ಹುಡುಕಿಕೊಂಡು ಕಾಡಿಗೆ ಹೋದವನಿಗೆ ಹಿಂದಿರುಗುವ ದಾರಿ ಸಿಗಲಿಲ್ಲ. "ಎಷ್ಟು ದೂರ ಹೋಗಿದ್ದ?" ಎಂದು ಯಾರೋ ಕೇಳಿದರು. "ಒಂದು ಬೆಳಗಿನ ನಡಿಗೆ. ಗಾಳಿ ಈ ಕಡೆಗಿದ್ರೆ ಹಳ್ಳಿಯ ಗಂಟೆ ಕೇಳಿಸ್ತಿತ್ತಂತೆ. ಆದ್ರೆ ಯಾವ ಕಡೆಯಿಂದ ಅಂತ ಗೊತ್ತಾಗ್ತಿರ್ಲಿಲ್ಲವಂತೆ." ನಗೆ ಎದ್ದಿತು. ಹಾಲಿಸ್‌ಗೆ ಅಭ್ಯಾಸವಿಲ್ಲದ ಒಂದು ಬಿಸಿ ಕಿವಿಯಿಂದ ಕೆಳಗಿಳಿಯಿತು. ಚಳಿಗಾಲ ಬಂತು. ಆ ನೆಲದಲ್ಲಿ ಮೊದಲಿನಿಂದಲೂ ಇದ್ದ ವಾಂಪನೋಆಗ್ ಜನ ಜೋಳದ ಹಿಟ್ಟು ಕೊಟ್ಟು ಅವನನ್ನು ಬದುಕಿಸಿದರು. "ಅವರನ್ನಾದ್ರೂ ದಾರಿ ಕೇಳ್ಬಾರ್ದಾಗಿತ್ತಾ?" ಎಂದಳು ಇನಾಸಿಯಾ. "ನಾಚಿಕೆಯಾಯ್ತು ಅಂತ ಆಮೇಲೆ ನ್ಯಾಯಸಭೆಯಲ್ಲಿ ವಿಚಾರಣೆಯಾದಾಗ ತಾನೇ ಹೇಳಿದಾನೆ. ಅವರು ದಿನಾ ಬಂದು ನೋಡೋರಂತೆ, ಇವನು ಏನೋ ದೊಡ್ಡ ಕೆಲಸ ಇರೋನ ಥರ ಮರ ಕಡಿಯೋನಂತೆ. ಕಡಿದ ಮರ ಏನ್ಮಾಡೋದು? ಮನೆ ಕಟ್ಟಿದ. ಮೂರನೇ ವರ್ಷ ಹಳ್ಳಿಯೋರು ಸೌದೆಗೆ ಬಂದಾಗ ಸಿಕ್ಕಿದ. ಇಲ್ಲೇನ್ಮಾಡ್ತಿದೀಯ ಅಂದ್ರೆ, ದೇವರು ನಿಲ್ಲು ಅಂದ, ನಿಂತಿದೀನಿ ಅಂದ." ಈಗ ಬಯಲಿಗೆ ಬಯಲೇ ನಗುತ್ತಿತ್ತು. ಡುವಾರ್ಟೆ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ. ಹಾಲಿಸ್ ಕೂಡ ನಕ್ಕ, ಗ್ರಂಥಾಲಯದ ನಗುವಲ್ಲ, ಬೇರೆ. ಇದರಲ್ಲಿ ಯಾರಿಗೂ ಏನೂ ಕೇಳಿಸಬೇಕಾಗಿರಲಿಲ್ಲ. ಆ ಬಡಪಾಯಿ ಓಬೆಡ್‌ನ ಕೈ ಹಿಡಿದು ಕುಲುಕಬೇಕೆನಿಸಿತು.

ಅತ್ತೆ ನಗುತ್ತಿರಲಿಲ್ಲ. ನೆಟ್ಟಗೆ ಕುಳಿತಿದ್ದಳು. ಮುಖ ಬಂಡೆಯಾಗಿತ್ತು, ತುಟಿ ಒಂದು ಗೆರೆಯಾಗಿತ್ತು. ಹಾಲಿಸ್‌ನ ನಗು ಅರ್ಧದಲ್ಲೇ ಸತ್ತಿತು. ಕೊಂದೆ, ಅಂದುಕೊಂಡ. ಪರರ ಮುಂದೆ, ಸಾಸೇಜು ತಿನ್ನುತ್ತ, ತೊಂಬತ್ತು ವರ್ಷದ ಒಂದು ಜೀವವನ್ನು.

"ಹಸು ಏನಾಯ್ತು?" ಎಂದಳು ಅತ್ತೆ, ಎಲ್ಲರೂ ಸುಮ್ಮನಾದ ಮೇಲೆ.

"ಅದೇ ಸಂಜೆ ತಾನಾಗಿ ಮನೆಗೆ ಬಂತಂತೆ."

"ಅವನ ಹೆಂಡ್ತಿ?"

"ಏನು ಅತ್ತೆ?"

"ಹಳ್ಳೀಲಿ ಹೆಂಡ್ತಿ ಇರ್ಲಿಲ್ವೇನೋ? ಇಲ್ದೆ ನಾವೆಲ್ಲಿಂದ ಬಂದ್ವಿ? ಮೂರು ವರ್ಷ ಅವಳು ಏನು ತಿಂದ್ಲು? ಇವನು ಸಿಕ್ಕಿದ ಅಂದಾಗ ಏನಂದ್ಲು? ಅವಳ ಹೆಸರೇನು?"

ಹಾಲಿಸ್‌ಗೆ ಗೊತ್ತಿರಲಿಲ್ಲ. ನಡಾವಳಿಯಲ್ಲಿ 'ಓಬೆಡ್‌ನ ಪತ್ನಿ' ಎಂದು ಒಂದೇ ಕಡೆ ಇತ್ತು. ಅಷ್ಟು ಗೋರಿಕಲ್ಲು ಕೆರೆದವನಿಗೆ ಆಕೆಯದೊಂದು ಇರಬೇಕಲ್ಲ ಎಂದು ಹೊಳೆದೇ ಇರಲಿಲ್ಲ. ಮೇಜಿನ ಸುತ್ತಲಿನ ಹೆಂಗಸರೆಲ್ಲ, ಇನಾಸಿಯಾ ಕೂಡ, ಈಗ ಅವನನ್ನು ಅಗ್ನಿಶಾಮಕ ಠಾಣೆಯ ಮನುಷ್ಯ ನೋಡಿದ ಹಾಗೇ ನೋಡುತ್ತಿದ್ದರು. "ಗೊತ್ತಿಲ್ಲ," ಎಂದ. ಹಾಗೆನ್ನಲು ಅವನಿಗೆ ಬಂತು. ಅದು ಅವನಿಗೇ ಆಶ್ಚರ್ಯ.

ಆಗ ಹಿಂದಿನ ಗುಡ್ಡವಿಳಿದು ಲೆಟಿ ಬಂದಳು, ಇಗರ್ಜಿಗೆ ಹಾಕುವ ಷೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ. ಓಬೆಡ್‌ನ ಬಂಡೆ ಗುಡ್ಡದ ಆಚೆ ಮಗ್ಗುಲಲ್ಲೇ ಇತ್ತು. "ಗಾಡಿ ಸದ್ದು ಕೇಳಿದೆ," ಎಂದಳು, "ನಮ್ಮ ಸೈಲೆನ್ಸರ್ ನನಗೆ ಗೊತ್ತಾಗಲ್ವಾ? ಈಗ ಬರ್ತಾನೆ, ಈಗ ಬರ್ತಾನೆ ಅಂತ ಕಾದೆ. ಬರ್ಲಿಲ್ಲ. ಆಮೇಲೆ ಈ ಕಡೆಯಿಂದ ಜನ ನಗೋದು ಕೇಳಿಸ್ತು. ಅಲ್ಲಿ ಬ್ರಾಡ್‌ಫರ್ಡ್ ಎದ್ದು ನಿಂತು ನಕ್ಷತ್ರ ಶುರು ಮಾಡಿದಾನೆ, ಎಲ್ಲರೂ ಮೊಟ್ಟೆ ಹಿಡ್ಕೊಂಡು ಕೂತಿದಾರೆ." ಹಾಲಿಸ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರನ್ನಾದ್ರೂ ಕೇಳಿದ್ಯಾ?" ಅವನು ತಟ್ಟೆ ಮುಂದೆ ಹಿಡಿದ. ಅವಳು ಅವನ ತಟ್ಟೆಯಿಂದ ಉಳಿದ ಸಾಸೇಜು ತೆಗೆದು ನಿಂತೇ ತಿಂದಳು.

ಅತ್ತೆಯನ್ನೂ ಹಾಲಿಸ್‌ನನ್ನೂ ಡುವಾರ್ಟೆ ತನ್ನ ಜೀಪಿನಲ್ಲಿ ಗುಡ್ಡ ಬಳಸಿ ಕರೆದುಕೊಂಡು ಹೋದ. ಪಾತ್ರೆಯ ಬದಲು ಈಗ ಅವಳ ತೊಡೆಯ ಮೇಲೆ ಇನಾಸಿಯಾ ಕಟ್ಟಿಕೊಟ್ಟ ಸಿಹಿಬ್ರೆಡ್ಡಿನ ಗಂಟಿತ್ತು. ದಾರಿಯುದ್ದಕ್ಕೂ ಮಾತಿಲ್ಲ. ಇಳಿಯುವಾಗ ಮಾತ್ರ ಹಾಲಿಸ್‌ಗೆ, "ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳು. ಅಲ್ಲೊಂದು ಇಲ್ಲೊಂದು ಬೇಡ," ಎಂದಳು. ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ.

ಬ್ರಾಡ್‌ಫರ್ಡ್ ಗಂಟುಮುಖದಿಂದ ಜಾಗ ಬಿಟ್ಟ. ಬೆಳಗಿಟ್ಟ ಫಲಕದ ಮುಂದೆ ನಿಂತು ಹಾಲಿಸ್ ಹೇಳಿದ: ಹಸು, ಮರದಡಿಯ ನಿದ್ದೆ, ಗಂಟೆಯ ಸದ್ದು, ಜೋಳದ ಹಿಟ್ಟು, ನಾಚಿಕೆ. ಹೆಂಡತಿಯ ಹೆಸರು ಗೊತ್ತಿಲ್ಲ, ಹುಡುಕಬೇಕಿತ್ತು, ಹುಡುಕಲಿಲ್ಲ ಎಂದೂ ಹೇಳಿದ. ಯಾರೂ ನಗಲಿಲ್ಲ. ಮಡಚುವ ಕುರ್ಚಿಗಳ ಮೇಲೆ ಸಾಲುಸಾಲಾಗಿ ವಿಂಚೆಲ್‌ಗಳು, ಎಲ್ಲರ ಮುಖದಲ್ಲೂ ಅಪ್ಪ ಮೀನಿನ ಮುಳ್ಳು ಬಿಡಿಸುತ್ತಿದ್ದ. ಒಂದು ಮಗು ಮೊಟ್ಟೆ ಸಿಪ್ಪೆ ಸುಲಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಲೆಟಿ ಮಾತ್ರ ಕೊನೆಯ ಸಾಲಿನಲ್ಲಿ ಷೂ ಹಾಕಿಕೊಳ್ಳುವ ನೆಪದಲ್ಲಿ ಬಗ್ಗಿದ್ದಳು.

ಆಗ ಮುಂದಿನ ಸಾಲಿನಿಂದ ಒಂದು ಸದ್ದು ಬಂತು, ಒಣಗಿದ ಬಾವಿಯ ರಾಟೆ ತಿರುಗಿದ ಹಾಗೆ. ಅತ್ತೆಯ ಭುಜ ಅಲುಗುತ್ತಿತ್ತು. ಬ್ರಾಡ್‌ಫರ್ಡ್ ನೀರು ತರಲು ಓಡಿದ. ಹಾಲಿಸ್ ಅವಳ ಮುಂದೆ ಮಂಡಿಯೂರಿ, "ಅತ್ತೆ, ಅತ್ತೆ," ಎಂದ. ಅವಳು ಕರವಸ್ತ್ರ ಇಳಿಸಿದಳು. ಕಣ್ಣೀರು ಸುರಿಯುತ್ತಿತ್ತು. ನಗುತ್ತಿದ್ದಳು, ಉಸಿರು ಸಿಗದೆ, ಹಲ್ಲಿನ ಸೆಟ್ಟನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡು ನಗುತ್ತಿದ್ದಳು.

"ಗಂಟೆ ಕೇಳಿಸ್ತಿತ್ತಂತೆ," ಎಂದಳು ಬ್ರಾಡ್‌ಫರ್ಡ್‌ನ ಹೆಂಡತಿಯ ಕಡೆ ತಿರುಗಿ, ಮತ್ತೆ ಮಾತು ಹೊರಡದೆ ಅವಳ ತೋಳು ಹಿಡಿದುಕೊಂಡಳು. ಆ ಹೆಂಗಸಿಗೂ ತಡೆಯಲಾಗಲಿಲ್ಲ. ಆಮೇಲೆ ಅವಳ ಹಿಂದಿನವರಿಗೆ, ಅವರ ಹಿಂದಿನವರಿಗೆ.

"ಮತ್ತೆ ಆಗ ಯಾಕೆ ಹಾಗೆ ಕೂತಿದ್ರಿ?" ಎಂದು ಹಾಲಿಸ್ ಕೇಳಿದ. "ನನ್ನ ಜೀವ ಹೋಗಿತ್ತು."

ಅತ್ತೆ ಕಣ್ಣೊರೆಸಿಕೊಂಡಳು. "ಹೊರಗಿನವರ ಮುಂದೆ ನಮ್ಮ ಮನೆಯೋನನ್ನ ನೋಡಿ ನಗೋಕಾಗುತ್ತೇನೋ?" ಎಂದಳು. "ಅಲ್ಲಿಂದ ಇಲ್ಲೀವರ್ಗೂ ತಡ್ಕೊಂಡು ಬಂದಿದೀನಿ. ಆ ಜೀಪಿನಲ್ಲಿ ಪಕ್ಕೆಲುಬು ಮುರಿದೇ ಹೋಗುತ್ತೆ ಅನ್ಕೊಂಡೆ."